ಕಂಪನಿ ಮುಚ್ಚಿತು, ಸಹಿ ಉಳಿಯಿತು

(ನಮ್ಮ ಕನ್ನಡ ವೇಳೆಯಲ್ಲಿ ಪ್ರಸಾರವಾದ ಭಾಷಣದ ಪೂರ್ಣ ಪಾಠ. ಬರಹದಲ್ಲಿ ಬೇಕೆಂದು ಕೇಳಿದ ಕೇಳುಗರಿಗಾಗಿ ಇಲ್ಲಿ ಕೊಟ್ಟಿದ್ದೇವೆ.)



ಈ ಹೊತ್ತಿಗೆ ನಾನು ನಿಮಗೆ ಹಾಡು ಕೇಳಿಸುವವಳು. ಯಕ್ಷಗಾನ ಎಲ್ಲಿದೆ, ನಾಟಕ ಯಾವ ಸಭಾಗೃಹದಲ್ಲಿದೆ ಎಂದು ತಿಳಿಸುವವಳು. ಇವತ್ತು ಹಾಡು ಸ್ವಲ್ಪ ತಡವಾಗುತ್ತದೆ. ಅದಕ್ಕೂ ಮೊದಲು ನಾನು ಹಾಕಿದ ಒಂದು ಸಹಿಯ ಕಥೆ ಹೇಳಬೇಕಾಗಿದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲೆಯಲ್ಲ. ಉಡುಪಿಯಲ್ಲಿ ಕನ್ನಡ ಬಿ.ಎ. ಮಾಡಿ ಮುಂಬಯಿಗೆ ಬಂದವಳು. ಕಾನೂನು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ, ಮನೆಗೆ ಬಂದ ಒಂದು ನೋಟೀಸಿನಿಂದ. ಈ ಊರಿನಲ್ಲಿ ನಮ್ಮವರು ಎಷ್ಟೋ ಮಂದಿ ಸಣ್ಣ ಕ್ಯಾಂಟೀನು, ಮುದ್ರಣಾಲಯ, ಟ್ರಾವೆಲ್ಸ್, ಕೊರಿಯರ್ ಎಂದು ವ್ಯವಹಾರ ನಡೆಸುತ್ತಾರೆ. ಕೆಲವು ನಡೆಯುತ್ತವೆ, ಕೆಲವು ಮುಚ್ಚುತ್ತವೆ. ಮುಚ್ಚಿದ ಮೇಲೆ ಏನಾಗುತ್ತದೆ ಎಂಬುದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸೋತ ಸುದ್ದಿ ಹೇಳಲು ನಾಚಿಕೆ. ಆ ನಾಚಿಕೆಯನ್ನು ಪಕ್ಕಕ್ಕಿಟ್ಟು ಇವತ್ತು ಮಾತಾಡುತ್ತೇನೆ. ಅಕ್ಕ ಭಾವ ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ.

ನನ್ನ ಭಾವ ಠಾಣೆಯಲ್ಲಿ ಆಫೀಸುಗಳಿಗೆ ಊಟ ತಿಂಡಿ ಕಳಿಸುವ ಅಡುಗೆಮನೆ ನಡೆಸುತ್ತಿದ್ದರು. ಬೆಳಿಗ್ಗೆ ಇಡ್ಲಿ, ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು ಪಲ್ಯ. 2014ರಲ್ಲಿ ಒಂದು ದೊಡ್ಡ ಆಫೀಸಿನವರು, ‘ನಿಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ ಮಾತ್ರ ಆರ್ಡರ್ ಕೊಡುತ್ತೇವೆ’ ಎಂದರು. ಅಂಥ ಕಂಪನಿಗೆ ಕಡಿಮೆಯೆಂದರೆ ಇಬ್ಬರು ಡೈರೆಕ್ಟರುಗಳು ಬೇಕು. ಅಕ್ಕನಿಗೆ ಆಗ ಎಳೆ ಮಗು. ಭಾವ ನನ್ನ ಹತ್ತಿರ ಬಂದು, ‘ನೀನೊಂದು ಸಹಿ ಹಾಕು ಮಾರಾಯ್ತಿ, ಕೆಲಸವೆಲ್ಲ ನಾನು ನೋಡಿಕೊಳ್ಳುತ್ತೇನೆ’ ಎಂದರು. ನನಗಾಗ ಇಪ್ಪತ್ತೈದು ವರ್ಷ. ಡೈರೆಕ್ಟರ್ ಎಂಬ ಶಬ್ದ ಕೇಳಲು ಚೆನ್ನಾಗಿತ್ತು. ಹಾಕಿದೆ.

2016ರಲ್ಲಿ ಇಡ್ಲಿ ಸ್ಟೀಮರ್, ದೊಡ್ಡ ಗ್ರೈಂಡರ್, ಫ್ರೀಜರ್ ಬೇಕಾದವು. ಕೊಳ್ಳಲು ಹಣವಿಲ್ಲ. ಯಂತ್ರಗಳನ್ನು ಬಾಡಿಗೆಗೆ ಕೊಡುವ ಒಂದು ಸಂಸ್ಥೆಯಿಂದ ಐದು ವರ್ಷದ ಕರಾರಿಗೆ ತಂದೆವು. ತಿಂಗಳಿಗೆ 14,000 ರೂಪಾಯಿ ಬಾಡಿಗೆ, 60,000 ಠೇವಣಿ. ಅವರ ಹುಡುಗ ಕಾಗದಗಳ ಕಟ್ಟು ತಂದು ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಕಡೆಯೆಲ್ಲ ಸಹಿ ಮಾಡಿಸಿಕೊಂಡ. ಕಟ್ಟಿನ ಕೊನೆಯ ಮೂರು ಹಾಳೆ ಬೇರೆಯೇ ಇದ್ದವು. ಅವುಗಳಲ್ಲಿ ಕಂಪನಿಯ ಮೊಹರು ಇರಲಿಲ್ಲ. ನನ್ನ ಹೆಸರು, ತಂದೆಯ ಹೆಸರು, ಮನೆಯ ವಿಳಾಸ, ಕೆಳಗೆ ಸಹಿಯ ಜಾಗ, ಅಷ್ಟೆ. ಭಾವನದೂ ಅದೇ ರೀತಿ. ಓದಲಿಲ್ಲ. ಒಲೆಯ ಮೇಲೆ ಸಾಂಬಾರು ಕುದಿಯುತ್ತಿತ್ತು, ಡಬ್ಬಾ ಹೋಗುವ ಹೊತ್ತಾಗಿತ್ತು.

2017ರಲ್ಲಿ ರೇಡಿಯೋ ಕೆಲಸ ಹೆಚ್ಚಾಯಿತು. ನಾನು ಡೈರೆಕ್ಟರ್ ಸ್ಥಾನಕ್ಕೆ ರಾಜೀನಾಮೆ ಕೊಟ್ಟೆ. ನನ್ನ ಜಾಗಕ್ಕೆ ಅಕ್ಕ ಬಂದಳು. ಕಂಪನಿ ರಿಜಿಸ್ಟ್ರಾರರ ದಾಖಲೆಯಲ್ಲಿ ನನ್ನ ಹೆಸರು ತೆಗೆಸಿದ್ದೂ ಆಯಿತು. ಅಲ್ಲಿಗೆ ನನ್ನ ಋಣ ತೀರಿತು ಎಂದುಕೊಂಡೆ. 2018ರಲ್ಲಿ ಭಾವ ಪಾತ್ರೆ ತೊಳೆಯುವ ಯಂತ್ರವನ್ನೂ ಸೇರಿಸಿಕೊಂಡು ಕರಾರನ್ನು 2023ರ ಜೂನ್‌ವರೆಗೆ ಬೆಳೆಸಿದರು. ಬಾಡಿಗೆ 21,000 ಆಯಿತು. ಆ ಕಾಗದಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ.

2020ರ ಮಾರ್ಚ್ ಬಂತು. ಆಫೀಸುಗಳು ಮುಚ್ಚಿದವು. ಆಫೀಸೇ ಇಲ್ಲದ ಮೇಲೆ ಊಟ ಯಾರಿಗೆ? ಮೂರು ತಿಂಗಳು ಕಾದು ಭಾವ ಗಾಲಾ ಬಿಟ್ಟುಕೊಟ್ಟರು. ಯಂತ್ರದವರು ಲಾರಿ ತಂದು ಯಂತ್ರಗಳನ್ನು ಒಯ್ದರು. ಕೆಲಸದವರಿಗೆ ಸಂಬಳ ಕೊಡಲು ಅಕ್ಕ ಬಳೆ ಮಾರಿದಳು. ಎರಡು ವರ್ಷ ವ್ಯವಹಾರವಿಲ್ಲದೆ ಕಳೆದ ಮೇಲೆ 2022ರಲ್ಲಿ, ಪಟ್ಟಿಯಿಂದ ಕಂಪನಿಯ ಹೆಸರು ತೆಗೆಯಿರಿ ಎಂದು ರಿಜಿಸ್ಟ್ರಾರರಿಗೆ ಅರ್ಜಿ ಹಾಕಿದರು. ಸಿ.ಎ. ಕೇಳಿದರಂತೆ, ‘ಬಾಕಿ ಏನೂ ಇಲ್ಲ ತಾನೇ?’ ಭಾವ ‘ಇಲ್ಲ’ ಎಂದರು. ಅವರು ಸುಳ್ಳು ಹೇಳಲಿಲ್ಲ. ಯಂತ್ರ ಹೋಯಿತು, ಹಾಗಾಗಿ ಲೆಕ್ಕವೂ ಹೋಯಿತು ಎಂದೇ ತಿಳಿದಿದ್ದರು.

2023ರ ಆಗಸ್ಟ್‌ನಲ್ಲಿ ನನ್ನ ಮನೆಗೆ ರಿಜಿಸ್ಟರ್ಡ್ ಪೋಸ್ಟ್ ಬಂತು. ವಕೀಲರ ನೋಟೀಸು. 2020ರ ಏಪ್ರಿಲ್‌ನಿಂದ 2023ರ ಜೂನ್‌ವರೆಗೆ 39 ತಿಂಗಳು, ತಿಂಗಳಿಗೆ 21,000ದಂತೆ 8,19,000 ರೂಪಾಯಿ, ಅದರ ಮೇಲೆ ಬಡ್ಡಿ. ‘ಕಂಪನಿ ಇಲ್ಲವಾದ್ದರಿಂದ ಜಾಮೀನುದಾರರಾದ ತಾವು ಕೊಡತಕ್ಕದ್ದು’ ಎಂದಿತ್ತು. ಅವರು ಮೊದಲೂ ಎರಡು ಬಾರಿ ಪತ್ರ ಬರೆದಿದ್ದರು. ಆ ಪತ್ರಗಳು ನಾವು ಬಿಟ್ಟುಬಂದ ಗಾಲಾದ ವಿಳಾಸಕ್ಕೆ ಹೋಗಿ ಹಿಂತಿರುಗಿದ್ದವು.

ಕಂಪನಿ ಬಿಟ್ಟು ಆರು ವರ್ಷವಾದವಳು ನಾನು. ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಸ್ಟುಡಿಯೋದಲ್ಲಿ ಹೊಸಬರಿಗೆ ಮೊದಲು ಕಲಿಸುವ ಪಾಠ ಒಂದಿದೆ. ಕಾರ್ಯಕ್ರಮ ಮುಗಿಯಿತು, ನಮಸ್ಕಾರ ಎಂದು ಹೇಳಿದ ಮಾತ್ರಕ್ಕೆ ಮೈಕ್ ಮುಚ್ಚುವುದಿಲ್ಲ. ಅದನ್ನು ಕೈಯಾರೆ ಇಳಿಸಬೇಕು. ಇಳಿಸದಿದ್ದರೆ ಆಮೇಲೆ ಆಡಿದ್ದೂ ಊರಿಗೆಲ್ಲ ಕೇಳುತ್ತದೆ. ನನ್ನ ಆ ಸಹಿ ಹಾಗೆ ತೆರೆದೇ ಉಳಿದಿತ್ತು.

ಈಗ ಕಾನೂನಿನ ಕಡೆ ಬರೋಣ. ನಮ್ಮ ವಕೀಲರು ಕಲ್ಯಾಣದಲ್ಲಿರುವ ಹಿರಿಯ ಕನ್ನಡಿಗರು. ಅವರು ನನಗೆ ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಕಂಪನಿ ಎಂದರೆ ಕಾನೂನಿನ ಕಣ್ಣಿಗೆ ಬೇರೆಯೇ ಒಬ್ಬ ವ್ಯಕ್ತಿ. ಈ ಮಾತು ಗಟ್ಟಿಯಾಗಿ ನಿಂತದ್ದು 1896ರಲ್ಲಿ, ಲಂಡನ್ನಿನಲ್ಲಿ. ಸಾಲೊಮನ್ ಎಂಬ ಬೂಟು ವ್ಯಾಪಾರಿ ತನ್ನ ಅಂಗಡಿಯನ್ನು ಕಂಪನಿ ಮಾಡಿದ. 20,007 ಷೇರುಗಳಲ್ಲಿ 20,001 ಅವನವೇ, ಉಳಿದ ಆರು ಮನೆಯವರ ಹೆಸರಿನಲ್ಲಿ. ಕಂಪನಿ ಮುಳುಗಿತು. ಕಂಪನಿಯ ಸಾಲವನ್ನು ಅವನೇ ತೀರಿಸಲಿ ಎಂಬ ವಾದ ಬಂದಾಗ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಅವನು ಬೇರೆ, ಕಂಪನಿ ಬೇರೆ ಎಂದಿತು. ನಮ್ಮ ದೇಶದ ಕಂಪನಿ ಕಾನೂನೂ ಇದೇ ತಳಹದಿಯ ಮೇಲೆ ನಿಂತಿದೆ. ಆದ್ದರಿಂದ ಕಂಪನಿ ಮಾಡಿಕೊಂಡ ಕರಾರಿನ ಬಾಕಿಗೆ, ಡೈರೆಕ್ಟರ್ ಆಗಿದ್ದೆ ಎಂಬ ಒಂದೇ ಕಾರಣಕ್ಕೆ ನಿಮ್ಮ ಮನೆ ಒಡವೆಗೆ ಯಾರೂ ಕೈಹಾಕುವಂತಿಲ್ಲ. ಇದು ಒಳ್ಳೆಯ ಸುದ್ದಿ.

ಆದರೆ ಈ ಗೋಡೆಗೆ ಬಾಗಿಲುಗಳಿವೆ. ಹೆಚ್ಚಿನವನ್ನು ನಾವೇ ತೆರೆದಿಟ್ಟಿರುತ್ತೇವೆ.

ಮೊದಲು ತಿಳಿಯಬೇಕಾದದ್ದು, ನಿಮ್ಮದು ನಿಜವಾಗಿ ಕಂಪನಿಯೇ ಎಂಬುದು. ಅಂಗಡಿಗೆ ‘ಎಂಟರ್‌ಪ್ರೈಸಸ್’ ಎಂದು ಬೋರ್ಡು ಹಾಕಿದ ಮಾತ್ರಕ್ಕೆ ಅದು ಕಂಪನಿಯಾಗುವುದಿಲ್ಲ. ಒಬ್ಬರೇ ನಡೆಸುವ ಅಂಗಡಿಯಲ್ಲಿ ಅಂಗಡಿ ಮತ್ತು ಮಾಲೀಕ ಒಂದೇ. ಅಂಗಡಿಯ ಸಾಲ ಮಾಲೀಕನ ಸಾಲ. ಪಾಲುದಾರಿಕೆಯಾದರೆ 1932ರ ಕಾನೂನಿನ ಪ್ರಕಾರ ಸಂಸ್ಥೆಯ ಪೂರ್ತಿ ಬಾಕಿಯನ್ನು ಯಾವ ಪಾಲುದಾರನಿಂದ ಬೇಕಾದರೂ ವಸೂಲು ಮಾಡಬಹುದು. ಪಾಲುದಾರಿಕೆ ಮುರಿದುಕೊಂಡರೂ ಸಾರ್ವಜನಿಕ ಪ್ರಕಟಣೆ ಕೊಡುವ ತನಕ ಹೊರಗಿನವರಿಗೆ ನೀವು ಪಾಲುದಾರರೇ. ನಿಮ್ಮ ಹಳೆಯ ಜೊತೆಗಾರ ಆಮೇಲೆ ತಂದ ಸರಕಿನ ಬಿಲ್ಲೂ ನಿಮ್ಮ ಬಾಗಿಲಿಗೆ ಬರಬಹುದು.

ಎರಡನೆಯದು ನಾನು ಬಿದ್ದ ಹೊಂಡ, ಸ್ವಂತ ಜಾಮೀನು. ಕಂಪನಿಗೆ ಗೋಡೆಯಿದೆ ಎಂದು ಸಾಲ ಕೊಡುವವರಿಗೂ ಗೊತ್ತು. ಅದಕ್ಕೇ ಅವರು ಸಣ್ಣ ಕಂಪನಿಯ ಡೈರೆಕ್ಟರುಗಳಿಂದ ಬೇರೆ ಕಾಗದದಲ್ಲಿ, ಅವರವರ ಸ್ವಂತ ಹೆಸರಿನಲ್ಲಿ ಜಾಮೀನು ಬರೆಸಿಕೊಳ್ಳುತ್ತಾರೆ. ಭಾರತೀಯ ಕರಾರು ಕಾನೂನು 1872ರದ್ದು. ಅದರ 128ನೇ ಕಲಮು ಹೇಳುವುದಿಷ್ಟು: ಬೇರೆ ಮಾತಾಗಿರದಿದ್ದರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ‘ಮೊದಲು ಕಂಪನಿಯಿಂದ ವಸೂಲು ಮಾಡಿ, ಸಾಲದಿದ್ದರೆ ನನ್ನ ಹತ್ತಿರ ಬನ್ನಿ’ ಎಂದು ನಾವು ಹೇಳುವಂತಿಲ್ಲ. ಬ್ಯಾಂಕ್ ಆಫ್ ಬಿಹಾರಿನ ಹಳೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿದೆ. 2021ರ ಮೇ 21ರಂದು ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ದಿವಾಳಿ ಕಾನೂನಿನಡಿ ಕಂಪನಿಯ ಸಾಲಕ್ಕೆ ಒಂದು ಪರಿಹಾರ ಯೋಜನೆ ಒಪ್ಪಿಗೆಯಾದರೂ ಅಷ್ಟರಿಂದಲೇ ಜಾಮೀನುದಾರನ ಹೊಣೆ ಕಳಚುವುದಿಲ್ಲ ಎಂದಿದೆ.

ಇಲ್ಲಿ ಒಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಡೈರೆಕ್ಟರ್ ಸ್ಥಾನ ಬೇರೆ, ಜಾಮೀನು ಬೇರೆ. ರಾಜೀನಾಮೆಯಿಂದ ಸ್ಥಾನ ಹೋಗುತ್ತದೆ, ಜಾಮೀನು ಹೋಗುವುದಿಲ್ಲ. ಜಾಮೀನು ಬರೆಸಿಕೊಂಡವರೇ ಬಿಡುಗಡೆ ಬರೆದುಕೊಡಬೇಕು.

ಮೂರನೆಯದು, ಸಹಿ ಹಾಕಿದ ರೀತಿ. ಕಂಪನಿಯ ಹೆಸರು ಬರೆದು, ಅದರ ‘ಪರವಾಗಿ’ ಎಂದು, ಕೆಳಗೆ ‘ಡೈರೆಕ್ಟರ್’ ಎಂದು ಮೊಹರಿನೊಂದಿಗೆ ಸಹಿ ಹಾಕಿದರೆ ಅದು ಕಂಪನಿಯ ಸಹಿ. ಬರಿಯ ಹೆಸರು ಗೀಚಿದರೆ ‘ನೀವೇ ಒಪ್ಪಿಕೊಂಡಿರಿ’ ಎಂಬ ವಾದಕ್ಕೆ ದಾರಿ. ಮುಂಬಯಿಯಲ್ಲಿ ಇದು ಬಹಳ. ಕಂಪನಿ ನೋಂದಣಿಯಾಗುವ ಮೊದಲೇ ಗಾಲಾದ ಲೀವ್ ಅಂಡ್ ಲೈಸೆನ್ಸ್ ಕರಾರಿಗೆ ಸ್ವಂತ ಹೆಸರಿನಲ್ಲಿ ಸಹಿ ಹಾಕಿರುತ್ತೇವೆ. ಆಮೇಲೆ ಬಾಡಿಗೆಯನ್ನು ಕಂಪನಿ ಕಟ್ಟುತ್ತಿರುತ್ತದೆ. ಕರಾರಿನಲ್ಲಿರುವುದು ನಮ್ಮ ಹೆಸರೇ. ಇಷ್ಟು ತಿಂಗಳು ಬಿಡುವಂತಿಲ್ಲ ಎಂಬ ಲಾಕ್-ಇನ್ ಷರತ್ತು ಇದ್ದರೆ ಆ ತಿಂಗಳುಗಳ ಬಾಡಿಗೆಯನ್ನು ಮಾಲೀಕರು ಕೇಳುವುದು ನಮ್ಮನ್ನೇ.

ನಾಲ್ಕನೆಯದು ಚೆಕ್ಕು. ಭದ್ರತೆಗೆಂದು ಮುಂಚೆಯೇ ಕೊಟ್ಟ ಚೆಕ್ಕುಗಳು ಸರಬರಾಜುದಾರರ ಕಪಾಟಿನಲ್ಲಿ ಇರುತ್ತವೆ. ಬಾಕಿ ಉಳಿದಿರುವಾಗ ಅವನ್ನು ಬ್ಯಾಂಕಿಗೆ ಹಾಕಿ ಅವು ವಾಪಸಾದರೆ 138ನೇ ಕಲಮಿನ ಕ್ರಿಮಿನಲ್ ದೂರು. ಕಂಪನಿಯ ಚೆಕ್ಕಾದರೂ ಸಹಿ ಹಾಕಿದವರು ಆರೋಪಿಯಾಗುತ್ತಾರೆ. ದಿವಾಳಿ ಪ್ರಕ್ರಿಯೆಯಲ್ಲಿ ಕಂಪನಿಯೇ ವಿಸರ್ಜನೆಯಾದರೂ ಸಹಿ ಹಾಕಿದವರು ಈ ದೂರಿನಿಂದ ಪಾರಾಗುವುದಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇಂಥ ನೋಟೀಸು ಕೈಗೆ ಬಂದ 15 ದಿನದೊಳಗೆ ಹಣ ಕಟ್ಟಲು ಅವಕಾಶವಿದೆ. ಆ 15 ದಿನ ಬಹಳ ಮುಖ್ಯ.

ಐದನೆಯದು ಸರಕಾರದ ಬಾಕಿ. ಖಾಸಗಿ ಕಂಪನಿಯಿಂದ ಆದಾಯ ತೆರಿಗೆಯಾಗಲಿ ಜಿ.ಎಸ್.ಟಿ.ಯಾಗಲಿ ವಸೂಲಾಗದಿದ್ದರೆ ಆ ಅವಧಿಯ ಡೈರೆಕ್ಟರುಗಳನ್ನು ಕೇಳಬಹುದು. ತಮ್ಮ ಘೋರ ನಿರ್ಲಕ್ಷ್ಯದಿಂದಾಗಲಿ ತಪ್ಪಿನಿಂದಾಗಲಿ ಹೀಗಾಗಿಲ್ಲ ಎಂದು ಅವರೇ ತೋರಿಸಿಕೊಡಬೇಕು. ಇದು ಕರಾರಿನ ವಿಷಯವಲ್ಲ, ಆದರೂ ಮುಚ್ಚುವವರು ಮರೆಯಬಾರದು.

ಇನ್ನು, ಪಟ್ಟಿಯಿಂದ ಹೆಸರು ತೆಗೆಸಿದರೆ ಎಲ್ಲ ಮುಗಿಯಿತು ಎಂಬ ನಂಬಿಕೆ. 2013ರ ಕಂಪನಿ ಕಾನೂನಿನ 248ನೇ ಕಲಮಿನಲ್ಲೇ ಅದಕ್ಕೆ ಉತ್ತರವಿದೆ. ಮೊದಲನೆಯದಾಗಿ, ಬಾಕಿಯೆಲ್ಲ ತೀರಿಸಿದ ಮೇಲೆಯೇ ಇಂಥ ಅರ್ಜಿ ಹಾಕಬೇಕು. ಅರ್ಜಿಯ ಜೊತೆ ಡೈರೆಕ್ಟರುಗಳು ಪ್ರಮಾಣಪತ್ರ ಕೊಡುತ್ತಾರೆ. ಮುಂದೆ ಏನಾದರೂ ಬಾಕಿ ಬಂದರೆ ನಾವು ತುಂಬಿಕೊಡುತ್ತೇವೆ ಎಂಬ ಬಾಂಡನ್ನೂ ಬರೆದುಕೊಡುತ್ತಾರೆ. ಎರಡನೆಯದಾಗಿ, ಕಂಪನಿ ಇಲ್ಲವಾದರೂ ಡೈರೆಕ್ಟರು ಮತ್ತು ಸದಸ್ಯರಿಗೆ ಇದ್ದ ಹೊಣೆ ಮುಂದುವರಿಯುತ್ತದೆ, ಕಂಪನಿ ಇದ್ದಂತೆಯೇ ಅದನ್ನು ಜಾರಿ ಮಾಡಬಹುದು ಎಂದು ಆ ಕಲಮು ಹೇಳುತ್ತದೆ. ಮೂರನೆಯದಾಗಿ, 252ನೇ ಕಲಮಿನ ಪ್ರಕಾರ ಸಾಲ ಕೊಟ್ಟವರು ಕೇಳಿದರೆ ಗೆಜೆಟ್ ಪ್ರಕಟಣೆಯಾದ 20 ವರ್ಷದೊಳಗೆ ಕಂಪನಿಯ ಹೆಸರನ್ನು ಪಟ್ಟಿಗೆ ಮತ್ತೆ ಸೇರಿಸಲು ನ್ಯಾಯಮಂಡಳಿಗೆ ಅಧಿಕಾರವಿದೆ. ಇಪ್ಪತ್ತು ವರ್ಷ! ನಮ್ಮ ಮನೆಯಲ್ಲಿ ಮದುವೆಯ ಆಲ್ಬಮ್ಮನ್ನೂ ಅಷ್ಟು ಜೋಪಾನ ಮಾಡಿಲ್ಲ.

ಇಷ್ಟು ಕೇಳಿದ ಮೇಲೆ ನಾನು ವಕೀಲರ ಮುಂದೆ ಒಂದೊಂದೇ ಆಸೆ ಇಟ್ಟೆ. ನೀವು ನನ್ನ ಜಾಗದಲ್ಲಿದ್ದರೆ ಇವೇ ಪ್ರಶ್ನೆ ಕೇಳುತ್ತಿದ್ದಿರಿ.

‘ಮೂರು ವರ್ಷ ಕಳೆಯಿತಲ್ಲ, ದಾವೆ ಹಾಕುವ ಕಾಲ ಮುಗಿಯಲಿಲ್ಲವೇ?’ ಎಂದೆ. ಕರಾರಿನ ಬಾಕಿಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇರುವುದು ಹೌದು. ಆದರೆ ಕೋವಿಡ್ ಕಾರಣದಿಂದ 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ದಿನಗಳನ್ನು ಕಾಲಮಿತಿಯ ಲೆಕ್ಕಕ್ಕೆ ಹಿಡಿಯಬಾರದು ಎಂದು ಸುಪ್ರೀಂ ಕೋರ್ಟು 2022ರ ಜನವರಿಯಲ್ಲಿ ಆದೇಶಿಸಿತ್ತು. ಅದಲ್ಲದೆ ಕರ್ನಾಟಕದಿಂದ ಹೋದ ಸಿಂಡಿಕೇಟ್ ಬ್ಯಾಂಕಿನ ಪ್ರಕರಣವೊಂದರಲ್ಲಿ 2006ರಲ್ಲೇ ತೀರ್ಪಾಗಿತ್ತು. ‘ಕೇಳಿದಾಗ ಕೊಡುತ್ತೇನೆ’ ಎಂದು ಬರೆದ ಜಾಮೀನಿಗೆ, ಸಾಲಗಾರನ ಮೇಲಿನ ಹಕ್ಕು ಜೀವಂತವಾಗಿದ್ದರೆ, ಕೇಳಿಯೂ ಕೊಡದ ದಿನದಿಂದ ಕಾಲ ಎಣಿಸಬೇಕು ಎಂದು. ನನ್ನ ಕಾಗದದಲ್ಲಿ ಅದೇ ಮಾತಿತ್ತು. ಮೊದಲ ಆಸೆ ಹೋಯಿತು.

‘2018ರಲ್ಲಿ ಕರಾರು ಬದಲಾಯಿಸಿದಾಗ ನನ್ನನ್ನು ಕೇಳಲೇ ಇಲ್ಲವಲ್ಲ?’ ಎಂದೆ. ವಕೀಲರ ಮುಖ ಸ್ವಲ್ಪ ಅರಳಿತು. ಕರಾರು ಕಾನೂನಿನ 133ನೇ ಕಲಮಿನಲ್ಲಿ ಜಾಮೀನುದಾರನಿಗೆ ಒಂದು ರಕ್ಷಣೆ ಇದೆ. ಅವನ ಒಪ್ಪಿಗೆಯಿಲ್ಲದೆ ಸಾಲಗಾರನೂ ಕೊಟ್ಟವನೂ ಸೇರಿ ಷರತ್ತು ಬದಲಿಸಿದರೆ, ಆಮೇಲಿನ ವ್ಯವಹಾರಕ್ಕೆ ಅವನು ಹೊಣೆಯಲ್ಲ. ಅವರು ನನ್ನ ಮೂರು ಹಾಳೆಗಳನ್ನು ಓದುತ್ತಾ ಹೋದರು. ಹನ್ನೊಂದನೇ ಷರತ್ತಿನಲ್ಲಿ ನಿಂತರು. ‘ಮುಂದೆ ಕರಾರನ್ನು ವಿಸ್ತರಿಸಿದರೂ, ಬದಲಿಸಿದರೂ, ಯಂತ್ರ ಸೇರಿಸಿದರೂ ನನ್ನ ಒಪ್ಪಿಗೆ ಈಗಲೇ ಇದೆ’ ಎಂದು ಬರೆದಿತ್ತು. ಇಂಥ ಷರತ್ತನ್ನು ಮುಂಚೆಯೇ ಬರೆಸಿಕೊಳ್ಳುವುದು ಸಾಲ ಕೊಡುವವರಲ್ಲಿ ರೂಢಿಯಂತೆ. ‘2018ರದ್ದು ಹೊಸ ಕರಾರೇ ಎಂದು ವಾದ ಮಾಡಬಹುದಮ್ಮ. ಗೆಲ್ಲಲೂಬಹುದು, ಸೋಲಲೂಬಹುದು. ಆದರೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು. ಮತ್ತೆ, ಈ ವಾದ ನಿಮಗೆ ಮಾತ್ರ. ನಿಮ್ಮ ಭಾವನಿಗಿಲ್ಲ’ ಎಂದರು.

ಆ ಭಾನುವಾರ ಡೊಂಬಿವಲಿಯಲ್ಲಿ ಅಕ್ಕನ ಅಡುಗೆಮನೆಯಲ್ಲಿ ಕೂತೆವು. ಭಾವ ನೆಲ ನೋಡುತ್ತಾ, ‘ನೀನು ಬೇರೆ ವಕೀಲರನ್ನಿಟ್ಟು ತಪ್ಪಿಸಿಕೋ. ನನ್ನಿಂದ ನಿನಗೆ ಇಷ್ಟಾದದ್ದು ಸಾಕು’ ಎಂದರು. ಅಕ್ಕ ಏನೂ ಹೇಳಲಿಲ್ಲ. ಒಲೆಯ ಕಡೆ ತಿರುಗಿ ನಿಂತಿದ್ದಳು. ಅವಳ ಬರಿಗೈ ನನಗೆ ಕಾಣುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಸಿಟ್ಟಿತ್ತು. ಭಾವನ ಮೇಲೆ ಅಷ್ಟಲ್ಲ, ಓದದೆ ಸಹಿ ಹಾಕಿದ ನನ್ನ ಮೇಲೆಯೇ ಹೆಚ್ಚು. ಕನ್ನಡದಲ್ಲಿ ಒಂದು ಪದದ ಅರ್ಥಕ್ಕೆ ಮೂರು ನಿಘಂಟು ತೆರೆಯುವವಳು ನಾನು. ಮೂರು ಹಾಳೆ ಓದಲು ನನಗೆ ಹತ್ತು ನಿಮಿಷ ಸಾಕಾಗುತ್ತಿತ್ತು. ಆ ವಾದ ನನ್ನೊಬ್ಬಳನ್ನು ಬಿಡಿಸಬಹುದಿತ್ತು. ಆಗ ಪೂರ್ತಿ ಹೊರೆ ಅಕ್ಕನ ಮನೆಯ ಮೇಲೆ ಬೀಳುತ್ತಿತ್ತು. ನಾನು ಆ ದಾರಿ ಹಿಡಿಯಲಿಲ್ಲ. ಎಲ್ಲರೂ ಹಾಗೇ ಮಾಡಬೇಕು ಎಂದು ಹೇಳುತ್ತಿಲ್ಲ. ನನಗೆ ಹಾಗೆ ಮಾಡಲು ಆಗಲಿಲ್ಲ, ಅಷ್ಟೆ. ಆದರೆ ಅಂಥ ದಾರಿಯೊಂದಿದೆ ಎಂದು ತಿಳಿದುಕೊಂಡೇ ಬಿಟ್ಟೆ ಎಂಬ ಸಮಾಧಾನವಿದೆ.

ನಮಗೆ ನೆರವಾದದ್ದು ಅದೇ ಕಾನೂನಿನ 73 ಮತ್ತು 74ನೇ ಕಲಮುಗಳು. ಕರಾರು ಮುರಿದವರು ಕೊಡಬೇಕಾದದ್ದು ನ್ಯಾಯವಾದ ಪರಿಹಾರ, ಕಾಗದದಲ್ಲಿ ಬರೆದ ಇಡೀ ಮೊತ್ತ ತಾನಾಗಿಯೇ ಅಲ್ಲ. ನಷ್ಟ ಅನುಭವಿಸಿದವರಿಗೆ ಅದನ್ನು ಕಡಿಮೆ ಮಾಡಿಕೊಳ್ಳುವ ದಾರಿ ಇತ್ತೇ ಎಂಬುದನ್ನೂ ನೋಡಬೇಕು. ವಕೀಲರು ಉತ್ತರದಲ್ಲಿ ಒಂದೇ ಪ್ರಶ್ನೆ ಕೇಳಿದರು: ‘2020ರ ಜೂನ್‌ನಲ್ಲಿ ತೆಗೆದುಕೊಂಡು ಹೋದ ಯಂತ್ರಗಳು ಆಮೇಲೆ ಎಲ್ಲಿದ್ದವು?’ ಕೆಲವು ತಿಂಗಳ ನಂತರ ಅವನ್ನು ಬೇರೆ ಕಡೆ ಬಾಡಿಗೆಗೆ ಕೊಟ್ಟಿದ್ದರು. ಒಂದೇ ಯಂತ್ರಕ್ಕೆ ಒಂದೇ ತಿಂಗಳಲ್ಲಿ ಎರಡು ಬಾಡಿಗೆ ಕೇಳಿದಂತಾಗಿತ್ತು. ಅಲ್ಲಿಂದ ಮಾತು ಇಳಿಯಿತು. ಕೊನೆಗೆ 2,70,000ಕ್ಕೆ ಒಪ್ಪಂದವಾಯಿತು. ಠೇವಣಿಯ 60,000 ಕಳೆದು 2,10,000. ತಿಂಗಳಿಗೆ 15,000ದಂತೆ 14 ಕಂತು. ಭಾವ ಹತ್ತು ಸಾವಿರ, ನಾನು ಐದು ಸಾವಿರ. 2025ರ ಜನವರಿಯಲ್ಲಿ ಕೊನೆಯ ಕಂತು ಕಟ್ಟಿದೆವು. ‘ಕಂಪನಿಯಿಂದಾಗಲಿ ಈ ಇಬ್ಬರು ಜಾಮೀನುದಾರರಿಂದಾಗಲಿ ಯಾವ ಬಾಕಿಯೂ ಇಲ್ಲ’ ಎಂಬ ಪತ್ರ ಬರೆಸಿಕೊಂಡೆವು. ಆ ಪತ್ರವನ್ನು ನಾನು ಎರಡು ಸಲ ಓದಿದೆ, ಅಲ್ಪವಿರಾಮ ಸಹಿತ.

ಮಿತ್ರರೇ, ಈ ಪತ್ರವನ್ನು ನಾವು 2020ರಲ್ಲೇ ಕೇಳಬಹುದಿತ್ತು. ಯಂತ್ರ ಲಾರಿಗೆ ಹತ್ತಿಸುವ ದಿನವೇ. ಆಗ ಅವರಿಗೂ ಅವಸರ, ನಮಗೂ ಅವಸರ. ಬಹುಶಃ ಠೇವಣಿ ಮತ್ತು ಎರಡು ಮೂರು ತಿಂಗಳ ಬಾಡಿಗೆಗೆ ಮುಗಿಯುತ್ತಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರು ನಾವು. ನೀವು ಮೊದಲೇ ಹಾಕಿಕೊಳ್ಳಿ ಎಂದು ಈ ಮಾತೆಲ್ಲ.

ಹಾಗಾದರೆ ವ್ಯವಹಾರ ಮುಚ್ಚುವ ಯೋಚನೆ ಬಂದ ದಿನ ಏನು ಮಾಡಬೇಕು?

ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಇದುವರೆಗೆ ಸಹಿ ಹಾಕಿದ ಎಲ್ಲ ಕರಾರುಗಳನ್ನೂ ಪಟ್ಟಿ ಮಾಡಿ. ಜಾಗದ ಬಾಡಿಗೆ, ಯಂತ್ರ, ವಾಹನದ ಸಾಲ, ಬ್ಯಾಂಕಿನ ಓವರ್‌ಡ್ರಾಫ್ಟ್, ಸರಬರಾಜುದಾರರ ಸಾಲದ ಖಾತೆ, ಇಂಟರ್‌ನೆಟ್, ಫೋನು, ಕಾರ್ಡು ಉಜ್ಜುವ ಯಂತ್ರ, ಎಲ್ಲ. ಪ್ರತಿಯೊಂದರ ಮುಂದೆ ನಾಲ್ಕು ವಿಷಯ ಬರೆಯಿರಿ. ಸಹಿ ಯಾರ ಹೆಸರಿನಲ್ಲಿದೆ? ಬೇರೆ ಜಾಮೀನು ಪತ್ರ ಇದೆಯೇ? ಎಷ್ಟು ದಿನದ ಮುನ್ಸೂಚನೆ ಕೊಟ್ಟು ಬಿಡಬಹುದು? ಅವರ ಕೈಯಲ್ಲಿ ನಮ್ಮ ಚೆಕ್ಕು ಎಷ್ಟಿವೆ? ಕಾಗದದ ಪ್ರತಿ ನಿಮ್ಮಲ್ಲಿ ಇಲ್ಲದಿದ್ದರೆ ಈಗಲೇ ಕೇಳಿ ತರಿಸಿಕೊಳ್ಳಿ. ಜಗಳ ಶುರುವಾದ ಮೇಲೆ ಕೊಡುವವರು ಕಡಿಮೆ.

ಎರಡನೆಯದಾಗಿ, ಕರಾರಿನಲ್ಲಿ ಹೇಳಿದಂತೆಯೇ ಲಿಖಿತ ಸೂಚನೆ ಕೊಡಿ. ಫೋನಿನಲ್ಲಿ ‘ಆಯ್ತು ಆಯ್ತು, ನೋಡಿಕೊಳ್ಳೋಣ’ ಎಂದದ್ದು ಸಾಕ್ಷಿಗೆ ನಿಲ್ಲುವುದು ಕಷ್ಟ. ತಲುಪಿದ ಗುರುತು ಸಿಗುವ ಅಂಚೆಯಲ್ಲಿ ಕಳಿಸಿ, ರಸೀತಿ ಇಟ್ಟುಕೊಳ್ಳಿ.

ಮೂರನೆಯದಾಗಿ, ಸಾಲದ ಖಾತೆಯಂಥ ಮುಂದುವರಿಯುವ ವ್ಯವಹಾರಕ್ಕೆ ಜಾಮೀನು ನಿಂತಿದ್ದರೆ, 130ನೇ ಕಲಮಿನ ಪ್ರಕಾರ ಮುಂದಿನ ವ್ಯವಹಾರಗಳ ಮಟ್ಟಿಗೆ ನೋಟೀಸು ಕೊಟ್ಟು ಜಾಮೀನನ್ನು ಹಿಂತೆಗೆದುಕೊಳ್ಳಬಹುದು. ಹಿಂದಿನ ಬಾಕಿಗೆ ಹೊಣೆ ಇದ್ದೇ ಇರುತ್ತದೆ, ಆದರೆ ಹೊಸದು ಬೆಳೆಯುವುದು ನಿಲ್ಲುತ್ತದೆ. ಕಂಪನಿ ಬಿಟ್ಟು ಹೊರಡುವ ಡೈರೆಕ್ಟರುಗಳು ಇದನ್ನು ರಾಜೀನಾಮೆಯ ದಿನವೇ ಮಾಡಬೇಕು. ನಾನು ಮಾಡದೆ ಬಿಟ್ಟದ್ದು ಇದನ್ನೇ. ನಿಮ್ಮ ಜಾಗಕ್ಕೆ ಬಂದವರಿಂದ ಹೊಸ ಜಾಮೀನು ಬರೆಸಿಕೊಂಡು ನಿಮ್ಮನ್ನು ಬಿಡುವಂತೆ ಕೇಳಿ.

ನಾಲ್ಕನೆಯದಾಗಿ, ಲೆಕ್ಕ ಮುಗಿಸುವಾಗ ‘ಕಂಪನಿಯಿಂದ ಬಾಕಿ ಇಲ್ಲ’ ಎಂದಷ್ಟೇ ಬರೆಸಿಕೊಳ್ಳಬೇಡಿ. ಜಾಮೀನುದಾರರ ಹೆಸರೂ ಇರಲಿ. ಜಾಮೀನು ಪತ್ರದ ಮೂಲ ಪ್ರತಿ, ಭದ್ರತೆಯ ಚೆಕ್ಕು ವಾಪಸು ಪಡೆಯಿರಿ. ಪಾಲುದಾರಿಕೆಯಾದರೆ ಪ್ರಕಟಣೆ ಕೊಡಿ.

ಐದನೆಯದಾಗಿ, ಕಂಪನಿಯ ವಿಳಾಸಕ್ಕೆ ಬರುವ ಕಾಗದಗಳು ಎಲ್ಲಿಗೆ ಬರಬೇಕು ಎಂದು ಎಲ್ಲರಿಗೂ ಬರೆದು ತಿಳಿಸಿ. ನಮ್ಮ ಮೊದಲ ಎರಡು ಪತ್ರ ಕೈಗೆ ಸಿಕ್ಕಿದ್ದರೆ ಬಡ್ಡಿಯ ಮಾತೇ ಬರುತ್ತಿರಲಿಲ್ಲವೇನೋ. ಈ ಐದೂ ಆದ ಮೇಲೆಯೇ ಹೆಸರು ತೆಗೆಸುವ ಅರ್ಜಿ. ಬಾಕಿ ಇದ್ದೂ ಇಲ್ಲವೆಂದು ಬರೆದುಕೊಡಬೇಡಿ. ಮೋಸದ ಉದ್ದೇಶವಿತ್ತು ಎಂದಾದರೆ ಆಗ ಹೊಣೆ ಮಾತ್ರವಲ್ಲ, ಶಿಕ್ಷೆಯೂ ಇದೆ.

ಇನ್ನು ಹೊಸದಾಗಿ ಸಹಿ ಹಾಕುವವರಿಗೆ ಒಂದು ಮಾತು. ಜಾಮೀನು ಕೇಳಿದರೆ ಅದರ ಬದಲು ಠೇವಣಿ ಹೆಚ್ಚಿಸುತ್ತೇನೆ ಎಂದು ಹೇಳಿ ನೋಡಿ. ಜಾಮೀನೇ ಬೇಕೆಂದರೆ ‘ಇಷ್ಟು ರೂಪಾಯಿಗೆ ಮೀರದಂತೆ, ಇಂಥ ದಿನಾಂಕದವರೆಗೆ, ಡೈರೆಕ್ಟರ್ ಆಗಿರುವ ತನಕ’ ಎಂಬ ಮಿತಿ ಬರೆಸಿ. ಕೇಳಿದರೆ ಕೆಲವರು ಒಪ್ಪುತ್ತಾರೆ. ಕೇಳದಿದ್ದರೆ ಯಾರೂ ತಾವಾಗಿ ಬರೆಯುವುದಿಲ್ಲ. ಮನೆಯವರ ಕಂಪನಿಗೆ ಎರಡನೇ ಹೆಸರಾಗಿ ಹೋಗುವ ಅಕ್ಕತಂಗಿಯರು, ಸೊಸೆಯಂದಿರು ಇದನ್ನು ವಿಶೇಷವಾಗಿ ನೆನಪಿಡಿ. ಕೆಲಸ ಬೇರೆಯವರದು ಎಂದು ಹೊಣೆಯೂ ಬೇರೆಯವರದಾಗುವುದಿಲ್ಲ.

ನೋಟೀಸು ಬಂದೇ ಬಿಟ್ಟರೆ ಡ್ರಾಯರಿನಲ್ಲಿ ಹಾಕಿ ಮರೆಯಬೇಡಿ. ಗಾಬರಿಯಲ್ಲಿ ‘ಕೊಡುತ್ತೇನೆ, ಸ್ವಲ್ಪ ಸಮಯ ಕೊಡಿ’ ಎಂದು ಬರೆದೂ ಕಳಿಸಬೇಡಿ. ಹಾಗೆ ಸಹಿ ಹಾಕಿ ಒಪ್ಪಿಕೊಂಡರೆ ಮುಗಿಯುತ್ತಿದ್ದ ಕಾಲಮಿತಿ ಮತ್ತೆ ಮೊದಲಿನಿಂದ ಶುರುವಾಗಬಹುದು. ಮೊದಲು ವಕೀಲರಿಗೆ ತೋರಿಸಿ. ವಕೀಲರ ಖರ್ಚಿಗೆ ಹೆದರುವವರಿಗೆ ಇನ್ನೊಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಪ್ರತಿ ಜಿಲ್ಲೆಯಲ್ಲೂ ಅದರ ಕಚೇರಿಯಿದೆ. ಸಹಾಯವಾಣಿ 15100.

ಭಾವ ಈಗ ಒಂದು ಶಾಲೆಯ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದಾರೆ. ಅದೇ ಕೈರುಚಿ, ಬೇರೆಯವರ ಅಡುಗೆಮನೆ. ಮುಂದೆ ಮತ್ತೆ ಸ್ವಂತದ್ದು ತೆರೆಯುವ ಆಸೆಯಿದೆ. ಮೊನ್ನೆ ಅವರಿಗೆ ಗ್ಯಾಸ್ ಏಜೆನ್ಸಿಯ ಕಾಗದವೊಂದು ಬಂತು, ಎರಡೇ ಹಾಳೆ. ಅದನ್ನು ನನ್ನ ಮನೆಗೆ ತಂದು, ‘ಓದಿ ಹೇಳು ಮಾರಾಯ್ತಿ’ ಎಂದರು. ಇಬ್ಬರೂ ಕೂತು ಓದಿದೆವು. ಚಹಾ ಆರಿ ತಣ್ಣಗಾಯಿತು. ಆಮೇಲೆ ಸಹಿ ಹಾಕಿದರು.

ನಿಮ್ಮ ಕಪಾಟಿನಲ್ಲೂ ಅಂಥ ಕಾಗದವೊಂದು ಇರಬಹುದು. ಇವತ್ತು ರಾತ್ರಿ ಊಟವಾದ ಮೇಲೆ ಒಮ್ಮೆ ತೆಗೆದು ನೋಡಿ. ನಾಳೆ ಇದೇ ಹೊತ್ತಿಗೆ ಮತ್ತೆ ಭೇಟಿಯಾಗೋಣ. ಈಗ ನಿಮ್ಮ ಮೆಚ್ಚಿನ ಹಾಡುಗಳು. ನಮಸ್ಕಾರ.